ಕಾದ ರಾತ್ರಿಗೆ ಕೂಲಿ ಎಲ್ಲಿ?

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ,

ನಮ್ಮ ಕೇರಿಗಳಿಂದ ನರ್ಸಿಂಗ್ ಕಲಿಯಲು ಹುಬ್ಬಳ್ಳಿ-ಧಾರವಾಡಕ್ಕೆ ಬರುವ ಅಕ್ಕತಂಗೇರಿಗೆಲ್ಲ ಸರ್ಕಾರಿ ನೌಕರಿ ಸಿಗುವುದಿಲ್ಲ. ಕೆಲವರು ಖಾಸಗಿ ವೃದ್ಧಾಶ್ರಮ ಸೇರುತ್ತಾರೆ, ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಕೇಂದ್ರ ಸೇರುತ್ತಾರೆ. ಅಲ್ಲಿ ಪಾಳಿ ಮುಗಿದರೂ ಬಿಡುಗಡೆ ಇಲ್ಲ. 'ರೂಮ್ ಇಲ್ಲೇ ಐತಲ್ಲ, ಕರೆದಾಗ ಬಂದ್ರಾತು' ಅಂತಾರೆ. ಇದಕ್ಕೆ ಕಾಲ್ ಡ್ಯೂಟಿ ಎಂದು ಹೆಸರು. ರಾತ್ರಿ ಎರಡಕ್ಕೆ ಅಜ್ಜನ ಮೂಗಿನ ನಳಿಗೆ ಕಿತ್ತು ಬಂತು, ಏಳು. ನಾಲ್ಕಕ್ಕೆ ಅಜ್ಜಿ ಹಾಸಿಗೆಯಿಂದ ಬಿದ್ದಳು, ಓಡು. ತಿಂಗಳ ಕೊನೆಗೆ ಕೇಳಿದರೆ, 'ಮಲ್ಕೊಂಡೇ ಇದ್ದೆಲ್ಲವಾ, ಅದಕ್ಕೂ ಪಗಾರ ಬೇಕೇನ?'

ಈ ಮಾತು ಹೊಸದಲ್ಲ. ನಮ್ಮ ಅಜ್ಜಂದಿರು ಕೇಳಿದ್ದೂ ಇದನ್ನೇ. ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1874ರ ವತನ ಕಾಯ್ದೆ ಇಲ್ಲಿಯೂ ನಡೆಯುತ್ತಿತ್ತು. ತುಂಡು ಹೊಲ, ಹಿಡಿ ಕಾಳು. ಬದಲಿಗೆ 24 ತಾಸಿನ ಚಾಕರಿ. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಇದನ್ನೇ ಎತ್ತಿ ತೋರಿಸಿದರು: ಈ ಚಾಕರಿಗೆ ಹೊತ್ತುಗೊತ್ತಿಲ್ಲ, ವತನದಾರ ಇಲ್ಲದಿದ್ದರೆ ಅವನ ಮನೆಯವರನ್ನೇ ದುಡಿಸುತ್ತಾರೆ ಎಂದರು. ಆ ಮಸೂದೆ ಪಾಸಾಗಲಿಲ್ಲ. ಕರ್ನಾಟಕದಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ವತನ ಸತ್ತಿತು. 'ಕರೆದಾಗ ಬಾ' ಎನ್ನುವ ಬುದ್ಧಿ ಸಾಯಲಿಲ್ಲ.

'ಅದು ಜಾತಿಯ ಚಾಕರಿ, ಇದು ನೌಕರಿ, ಬ್ಯಾಡಾದ್ರ ಬಿಡ್ರಿ' ಎನ್ನುವವರಿದ್ದಾರೆ. ಏಷ್ಯನ್ ಕ್ರೀಡಾಕೂಟದ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇನು? ಹಸಿವೆಯ ಒತ್ತಾಯವೂ ಒತ್ತಾಯವೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. ಹಾಗಾದರೆ ನಿಮ್ಮ ಸಂಬಳವನ್ನು ಕಾದ ರಾತ್ರಿಗಳೂ ಸೇರಿ ಎಲ್ಲ ತಾಸುಗಳಿಗೆ ಭಾಗಿಸಿ ನೋಡ್ರಿ. ತಾಸಿಗೆ ಎಷ್ಟು ಬಿತ್ತು?

ಕಾಯುವುದು ಕೆಲಸವಲ್ಲ ಎನ್ನುವ ಮಾಲೀಕರೇ 'ನಮ್ಮಲ್ಲಿ 24 ತಾಸೂ ನರ್ಸ್ ಇರ್ತಾರ' ಎಂದು ಹೇಳಿ ರೋಗಿಯ ಮಕ್ಕಳಿಂದ ಹಣ ಎಣಿಸಿಕೊಳ್ಳುತ್ತಾರೆ. ಮಾರುವಾಗ ಬೆಲೆಯುಳ್ಳ ಕಾಯುವಿಕೆ, ಕೊಡುವಾಗ ಬಿಟ್ಟಿ ಹೇಗಾಯಿತು?

ಈ ಜಗಳ ಜಗತ್ತಿನಲ್ಲೆಲ್ಲ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1977ರಲ್ಲೇ ನರ್ಸುಗಳ ಕಾಲ್ ಡ್ಯೂಟಿಗೆ ಪರಿಹಾರ ಕೊಡಬೇಕೆಂದು ಶಿಫಾರಸು ಮಾಡಿತು. ಆಸ್ಪತ್ರೆಯಲ್ಲೇ ಕಾಯುವ ವೈದ್ಯ ನಡುವೆ ಮಲಗಿದರೂ ಅದು ಕೆಲಸದ ಹೊತ್ತೇ ಎಂದು ಯುರೋಪಿನ ನ್ಯಾಯಾಲಯ 2003ರಲ್ಲಿ ಹೇಳಿತು. ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರಲ್ಲಿ ತಿರುಗಾಮುರುಗ ಹೇಳಿತು: ಆರೈಕೆ ಕೆಲಸಗಾರರು ರಾತ್ರಿ ಮಲಗಿದ ಹೊತ್ತಿಗೆ ಕನಿಷ್ಠ ಕೂಲಿ ಇಲ್ಲ ಎಂದಿತು. ಅಂದರೆ ಇದು ತಾನಾಗಿ ಬರುವ ನ್ಯಾಯವಲ್ಲ, ಕೇಳಿ ಪಡೆಯಬೇಕು.

1946ರಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದ ಬಾಬಾಸಾಹೇಬರು ವರ್ಷವಿಡೀ ನಡೆಯುವ ಕಾರ್ಖಾನೆಗಳ ವಾರದ ದುಡಿಮೆಯನ್ನು 54 ತಾಸಿನಿಂದ 48ಕ್ಕೆ ಇಳಿಸುವ ತಿದ್ದುಪಡಿ ತಂದರು. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ 14ನೇ ಕಲಮು ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿ ಎನ್ನುತ್ತದೆ. ಆದರೆ ಕಾದ ತಾಸು ಲೆಕ್ಕಕ್ಕೆ ಬರದಿದ್ದರೆ ಇಮ್ಮಡಿ ಯಾವುದಕ್ಕೆ?

ಅದಕ್ಕೇ ನಮ್ಮ ಬೇಡಿಕೆ ಸರಳ. ಕಾಲ್ ಡ್ಯೂಟಿಯ ಪಾಳಿ ಬರವಣಿಗೆಯಲ್ಲಿರಲಿ. ಕೇಂದ್ರದಲ್ಲೇ ಉಳಿದರೆ ಪೂರ್ತಿ ಕೂಲಿ. ಮನೆಯಲ್ಲಿ ಕಾದರೆ ಭತ್ಯೆ, ಕರೆದರೆ ಇಮ್ಮಡಿ. ನಿದ್ದೆಗೆಟ್ಟ ಮರುದಿನ ವಿಶ್ರಾಂತಿ. ಇದು ರೋಗಿಯ ಬೇಡಿಕೆಯೂ ಹೌದು: ನಿದ್ದೆಗೆಟ್ಟ ಕೈ ಇನ್ಸುಲಿನ್ ಅಳತೆ ತಪ್ಪಿದರೆ ಜೀವ ಹೋಗುವುದು ಅವನದು, ನೋಟಿಸು ಬರುವುದು ಅವಳಿಗೆ.

ನರ್ಸಿಂಗ್ ಕಲಿಯುವ ಗೆಳತಿಯರೇ, ಸೇರುವ ದಿನವೇ ಒಂದು ವಹಿ ಇಡ್ರಿ. ಕರೆದ ತಾರೀಖು, ಎದ್ದ ಹೊತ್ತು, ಮರಳಿ ಮಲಗಿದ ಹೊತ್ತು ಬರೀರಿ. 'ಸೇವೆ' ಎಂದು ಯಾರಾದರೂ ಹೊಗಳಿದಾಗ ಆ ವಹಿ ತೆಗೆದು ಮುಂದಿಡ್ರಿ. ಅಜ್ಜಂದಿರಿಗೆ ಅಕ್ಷರ ಇರಲಿಲ್ಲ. ನಮಗಿದೆ.

ಜೈ ಭೀಮ್.