ಕೋಣೆಯ ದನಿ, ಬಸದಿಯ ದನಿ



ಜತ್ತದ ಕಡೆಯಿಂದ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿರೆಂದು ಕೇಳಿಕೊಂಡಿರುವುದರಿಂದ ಹಾಕುವುದಿಲ್ಲ. ಅವರ ಮಗ ಕಾಲೇಜು ಕಲಿಯುತ್ತಿದ್ದಾನೆ, ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಾನೆ. ಕಾಲಿನಿಂದ ಒತ್ತುವ ಪೆಡಲ್ ಪೆಟ್ಟಿಗೆಯೊಂದನ್ನು ತಂದೆಯವರು ಮನಸ್ಸಿಲ್ಲದ ಮನಸ್ಸಿನಿಂದ ಕೊಡಿಸಿದರು. ಹುಡುಗ ರಾತ್ರಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದರ ಗುಂಡಿಗಳನ್ನು ತಿರುಗಿಸುತ್ತ ಕೂಡ್ರುತ್ತಿದ್ದ. ಮಹಾವೀರ ಜಯಂತಿಯ ದಿವಸ ಭಜನಿ ಮಂಡಳಿಯವರ ಜೊತೆ ಬಸದಿಯಲ್ಲಿ ಬಾರಿಸಲು ಕೂಡ್ರಿಸಿದರೆ, ಒಮ್ಮೆ ಏನೂ ಕೇಳಿಸಲಿಲ್ಲ, ಒಮ್ಮೆ ಕಣಜದ ಹುಳ ಗುಂಯ್‌ಗುಟ್ಟಿದಂತೆ ಕೇಳಿಸಿತು. "ಆ ಗದ್ದಲ ಬಂದ್ ಮಾಡಿಸಿರಿ" ಎಂದು ಹಿರಿಯರು ಹೇಳಿ ಕಳಿಸಿದರು. ಅಂದಿನಿಂದ ಹುಡುಗ ಗಿಟಾರಿನ ಚೀಲ ಬಿಚ್ಚಿಲ್ಲ. ತಂದೆ ಪೆಟ್ಟಿಗೆ ಮಾರೋಣ ಎನ್ನುತ್ತಾರೆ. "ಹುಡುಗನ ಕೈ ಸರಿ ಇಲ್ಲವೋ, ಪೆಟ್ಟಿಗೆ ಸರಿ ಇಲ್ಲವೋ, ನೀವೇ ಹೇಳಿರಿ" ಎಂದು ತಾಯಿ ಕೇಳಿದ್ದಾರೆ.

ತಂಗೀ, ಎರಡೂ ಸರಿ ಇರಬಹುದು. ನಮಗೆ ತಿಳಿದದ್ದು ಅರಿವೆಯ ವ್ಯಾಪಾರ. ಆದರೆ ನಮ್ಮ ಮೊಮ್ಮಗನ ಹತ್ತಿರವೂ ಇಂಥದೊಂದು ಪೆಟ್ಟಿಗೆ ಇದೆ, ಅವನ ಜೊತೆ ಕುಳಿತು ಒಂದೊಂದೇ ಗುಂಡಿ ತಿರುಗಿಸಿ ನೋಡಿದ್ದೇವೆ. ಈ ಮಾಲು ಏನು, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿದಷ್ಟು ಬರೆಯುತ್ತೇವೆ. ಹತ್ತು ಸಾವಿರದೊಳಗೆ ಸಿಗುವ ಪೆಟ್ಟಿಗೆಗಳೂ ಇವೆ, ಲಕ್ಷ ದಾಟಿದವೂ ಇವೆ. ಒಳಗಿನ ರೀತಿ ಮಾತ್ರ ಹೆಚ್ಚುಕಡಿಮೆ ಒಂದೇ.

ಮೊದಲು ಇದರ ವಂಶಾವಳಿ. ಅಮೇರಿಕೆಯ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ಲಿಯೋ ಫೆಂಡರ್ ಎಂಬವರು 1938ರಲ್ಲಿ ರೇಡಿಯೊ ದುರಸ್ತಿಯ ಅಂಗಡಿ ತೆರೆದರು. ಮುಂದೆ ಗಿಟಾರುಗಳನ್ನೂ ಅವುಗಳ ದನಿ ಹಿಗ್ಗಿಸುವ ಆಂಪ್ಲಿಫೈಯರುಗಳನ್ನೂ ಮಾಡಿ ಹೆಸರಾದರು. ಲಂಡನ್ನಿನ ಪಶ್ಚಿಮಕ್ಕಿರುವ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಎಂಬವರದು ವಾದ್ಯದ ಅಂಗಡಿ. ತಮಗೆ ಇನ್ನೂ ಜೋರಾದ ಆಂಪ್ಲಿಫೈಯರ್ ಬೇಕೆಂದು ಗಿರಾಕಿ ಹುಡುಗರು ದುಂಬಾಲು ಬಿದ್ದಾಗ, 1962ರಲ್ಲಿ ಫೆಂಡರರ 'ಬಾಸ್‌ಮನ್' ಎಂಬ ಮಾದರಿಯನ್ನೇ ಮುಂದಿಟ್ಟುಕೊಂಡು ತಮ್ಮದನ್ನು ಮಾಡಿಸಿದರು. ಇಬ್ಬರೂ ಗಲ್ಲೆಯ ಮೇಲೆ ಕುಳಿತವರೇ, ಗಿರಾಕಿಯ ಮಾತು ಕೇಳಿ ದೊಡ್ಡವರಾದವರು. ಇಂದಿಗೂ ಗಿಟಾರಿನ ದನಿ ಎಂದರೆ ಬಹುತೇಕ ಈ ಎರಡು ಮನೆತನದ್ದು. ಪೆಟ್ಟಿಗೆಯ ಯಾದಿಯಲ್ಲಿ 'ಟ್ವೀಡ್' ಎಂಬ ಹೆಸರು ಕಂಡರೆ ಅದು 1950ರ ದಶಕದ ಫೆಂಡರ್ ದನಿ ಎಂದು ತಿಳಿಯಿರಿ. ಅವುಗಳ ಮೈಗೆ ಅಂಟಿಸುತ್ತಿದ್ದ ಅರಿವೆಯಿಂದ ಆ ಹೆಸರು ಬಂತು. ಅರಿವೆಯವರಾದ ನಾವು ಹೇಳಬೇಕಾದದ್ದೆಂದರೆ ಅದು ಉಣ್ಣೆಯ ಟ್ವೀಡ್ ಅಲ್ಲವೇ ಅಲ್ಲ, ವಾರ್ನಿಶ್ ಹಚ್ಚಿದ ಹತ್ತಿಯ ಟ್ವಿಲ್. 'ಬ್ರಿಟ್' ಎಂದಿದ್ದರೆ ಇಂಗ್ಲಂಡದ ಕಡೆಯ ದನಿ. ಬೇರೆಯವರ ಟ್ರೇಡ್‌ಮಾರ್ಕ್ ಬಳಸಬಾರದೆಂದು ಕಂಪನಿಗಳು ಹೀಗೆ ಸನ್ನೆಯಲ್ಲಿ ಬರೆಯುತ್ತವೆ.

ಆ ಹಳೆಯ ಯಂತ್ರಗಳಲ್ಲಿ ಗಾಜಿನ ವಾಲ್ವುಗಳಿರುತ್ತಿದ್ದವು, ನಮ್ಮ ಹಳೆಯ ರೇಡಿಯೊದಲ್ಲಿದ್ದಂತೆ. ಅವುಗಳ ಒಡಕು ದನಿಯನ್ನೇ ಜನ ಮೆಚ್ಚಿದರು. ಅದು ಹೇಗೆ ಹುಟ್ಟುತ್ತದೆಂದರೆ, ಕಾಳು ಅಳೆಯುವ ಸೇರನ್ನು ನೆನೆಸಿಕೊಳ್ಳಿರಿ. ಹಿಡಿಯುವುದಕ್ಕಿಂತ ಹೆಚ್ಚು ಕಾಳು ಸುರಿದು ಬಾಯಿಯ ಮೇಲೆ ಕೋಲು ಎಳೆದರೆ ಮೇಲಿನ ರಾಶಿ ಸವರಿಹೋಗುತ್ತದೆ. ವಾಲ್ವಿನ ಶಕ್ತಿ ಮೀರಿ ಸಪ್ಪಳ ನುಗ್ಗಿಸಿದರೆ ಅಲೆಯ ತಲೆಯೂ ಹೀಗೆ ಸವರಿಹೋಗಿ, ಮೂಲ ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು ಕಂಪನದ ಸ್ವರಗಳೂ ಏಳುತ್ತವೆ. ಪೆಟ್ಟಿಗೆಯ ಮೇಲೆ 'ಗೇನ್' ಎಂದು ಬರೆದ ಗುಂಡಿ ಮಾಡುವ ಕೆಲಸ ಇದೇ. ಅದನ್ನು ಹೆಚ್ಚಿಸಿದರೆ ದನಿ ಜೋರಾಗುತ್ತದೆ ಎಂದು ಹುಡುಗರು ತಿಳಿಯುತ್ತಾರೆ. ಒಂದು ಮಟ್ಟದ ಮೇಲೆ ಜೋರಾಗುವುದಿಲ್ಲ, ದಟ್ಟವಾಗುತ್ತದೆ. ಮೆಲ್ಲನೆ ಮೀಟಿದ್ದೂ ಬಿರುಸಾಗಿ ಮೀಟಿದ್ದೂ ಒಂದೇ ಆಗುತ್ತದೆ, ಮೂರು ತಂತಿ ಕೂಡಿ ಮೀಟಿದರೆ ಕೆಸರಾಗುತ್ತದೆ. ಸ್ತವನಕ್ಕೆ ಗೇನ್ ಕಾಲುಭಾಗ ಸಾಕು. ಅದೂ ಇಲ್ಲದಿದ್ದರೆ ಇನ್ನೂ ಚೆನ್ನು.

ಈಗಿನ ಇಂಥ ಪೆಟ್ಟಿಗೆಗಳಲ್ಲಿ ಬಹುತೇಕ ವಾಲ್ವ್ ಇರುವುದಿಲ್ಲ, ಇರುವುದು ಲೆಕ್ಕ. ಗಿಟಾರಿನಿಂದ ಬಂದ ಸಪ್ಪಳವನ್ನು ಸೆಕೆಂಡಿಗೆ 44,100 ಇಲ್ಲವೆ 48,000 ಸಾರೆ ಅಳೆದು ಅಂಕಿ ಮಾಡಿ, ವಾಲ್ವ್ ಇದ್ದಿದ್ದರೆ ಹೇಗೆ ಸವರುತ್ತಿತ್ತೋ ಹಾಗೆ ಆ ಅಂಕಿಗಳನ್ನು ಬದಲಿಸಿ, ಮತ್ತೆ ಸಪ್ಪಳವಾಗಿ ಹೊರಗೆ ಕಳಿಸುತ್ತದೆ. ಅಮೇರಿಕೆಯ ಲೈನ್ 6 ಕಂಪನಿ 1998ರಲ್ಲಿ 'ಪಾಡ್' ಎಂಬ ಕೆಂಪು ಬಣ್ಣದ, ರಾಜಮಾ ಕಾಳಿನ ಆಕಾರದ ಪೆಟ್ಟಿಗೆ ತಂದ ಮೇಲೆ ಈ ವಿದ್ಯೆ ಮನೆಮನೆಗೆ ಬಂತು.

ಇನ್ನು ಕಣಜದ ಹುಳದ ಮಾತು. ಗಿಟಾರಿಗೆಂದೇ ಮಾಡಿದ ಸ್ಪೀಕರ್ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಚೂಪು ಸ್ವರಗಳನ್ನು ಬಹಳ ಕಡಿಮೆ ಹೊರಡಿಸುತ್ತದೆ. ಅದೊಂದು ಜರಡಿ ಇದ್ದ ಹಾಗೆ. ಬಸದಿಯಲ್ಲಿ, ಮಂಗಲ ಕಾರ್ಯಾಲಯದಲ್ಲಿ ಇರುವ ಭಾಷಣದ ಸ್ಪೀಕರುಗಳಿಗೆ ಆ ಜರಡಿ ಇಲ್ಲ. ಅದಕ್ಕೇ ಪೆಟ್ಟಿಗೆಯೊಳಗೆ 'ಕ್ಯಾಬ್' ಎಂಬ ಲೆಕ್ಕದ ಜರಡಿ ಇಟ್ಟಿರುತ್ತಾರೆ. ಸೆಟಿಂಗಿನಲ್ಲಿ 'ಔಟ್‌ಪುಟ್' ಎಂದು ಒಂದು ಜಾಗ ಇರುತ್ತದೆ. ಹೆಡ್‌ಫೋನಿಗೋ ಮಿಕ್ಸರಿಗೋ ಹಾಕುವುದಾದರೆ 'ಲೈನ್' ಎಂದು ಇಡಬೇಕು, ಆಗ ಜರಡಿ ಇರುತ್ತದೆ. ಗಿಟಾರಿನ ಆಂಪ್ಲಿಫೈಯರಿಗೆ ಹಾಕುವುದಾದರೆ 'ಆಂಪ್' ಎಂದು ಇಡಬೇಕು, ಆಗ ಜರಡಿ ತೆಗೆದಿರುತ್ತದೆ. ನಮ್ಮ ಊರುಗಳಲ್ಲಿ ಬಸದಿಯ ಮೈಕಿನ ಯಂತ್ರವನ್ನೂ ಆಂಪ್ಲಿಫೈಯರ್ ಎಂದೇ ಕರೆಯುತ್ತೇವಲ್ಲ! ಹುಡುಗ ಅದನ್ನು ನೋಡಿ ನಿಷ್ಠೆಯಿಂದ 'ಆಂಪ್' ಎಂದು ಇಟ್ಟಿದ್ದರೆ ಜರಡಿ ಹೋಗಿ ಹುಳ ಗುಂಯ್‌ಗುಟ್ಟಿದ್ದು ಸಹಜ. ಮೊದಲು ಇದನ್ನು ನೋಡಲು ಹೇಳಿರಿ. ಮಿಕ್ಸರಿಗೆ ಒಂದೇ ತಂತಿ ಹೋಗುವುದಿದ್ದರೆ 'ಮೋನೋ' ಎಂದು ಗುರುತು ಮಾಡಿದ ತೂತಿಗೇ ಹಾಕಲಿ.

ಏನೂ ಕೇಳಿಸದಿದ್ದುದಕ್ಕೆ ಕಾರಣ ಬೇರೆ, ಮತ್ತು ನಮಗೆ ಇದೇ ದೊಡ್ಡದೆನಿಸುತ್ತದೆ. ಪತ್ತಲ ಕೊಳ್ಳಲು ಬಂದ ಅಕ್ಕಂದಿರು ಅಂಗಡಿಯ ದೀಪವನ್ನು ನಂಬುವುದಿಲ್ಲ. ಸೆರಗನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಾರೆ. ನಾವೂ ಬೇಡವೆನ್ನುವುದಿಲ್ಲ, ದೀಪದ ಕೆಳಗೆ ಕಂಡ ಬಣ್ಣ ಮದುವೆಯ ಚಪ್ಪರದಲ್ಲಿ ಇರುವುದಿಲ್ಲವೆಂದು ನಮಗೂ ಗೊತ್ತು. ರಾತ್ರಿ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂಡಿಸಿದ ದನಿ ದೀಪದ ಕೆಳಗಿನ ಬಣ್ಣ. 1933ರಲ್ಲಿ ಅಮೇರಿಕೆಯ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಕಿವಿಯ ಒಂದು ಗುಣವನ್ನು ಅಳೆದು ಪ್ರಕಟಿಸಿದರು. ಸಪ್ಪಳ ಸಣ್ಣದಿದ್ದಾಗ ಕಿವಿಗೆ ತಗ್ಗಿನ ಸ್ವರಗಳೂ ತೀರ ಮೇಲಿನ ಸ್ವರಗಳೂ ಕಡಿಮೆ ಕೇಳಿಸುತ್ತವೆ. ಮನೆಯವರ ನಿದ್ದೆ ಕೆಡಬಾರದೆಂದು ಸಣ್ಣಗೆ ಬಾರಿಸುವ ಹುಡುಗ ಆ ಕೊರತೆ ತುಂಬಲು 'ಬಾಸ್' ಮತ್ತು 'ಟ್ರೆಬಲ್' ಗುಂಡಿಗಳನ್ನು ಏರಿಸುತ್ತಾನೆ, 'ಮಿಡಲ್' ಇಳಿಸುತ್ತಾನೆ. ಒಬ್ಬನೇ ಕೇಳುವಾಗ ಅದು ಬಹಳ ಭವ್ಯವೆನಿಸುತ್ತದೆ. ಅಂಗಡಿಯಿಂದ ಬರುವಾಗಲೇ ಪೆಟ್ಟಿಗೆಯಲ್ಲಿ ತುಂಬಿಟ್ಟ ದನಿಗಳಲ್ಲಿಯೂ ಎಷ್ಟೋ ಹೀಗೆಯೇ ಇರುತ್ತವೆ, ಗಿರಾಕಿಯನ್ನು ನಿಲ್ಲಿಸಲು ಗಾಜಿನ ಕಪಾಟಿನಲ್ಲಿ ತೂಗುಹಾಕಿದ ಜರಿಯ ಸೀರೆಗಳು ಅವು.

ಅದೇ ದನಿಯನ್ನು ಮಂಡಳಿಯ ನಡುವೆ ತಂದರೆ ಏನಾಗುತ್ತದೆ? ತಗ್ಗಿನ ಜಾಗವನ್ನು ತಬಲೆಯ ಎಡಗೈ ಹಿಡಿದಿರುತ್ತದೆ. ಮೇಲಿನ ಜಾಗ ತಾಳದ್ದು. ಗಿಟಾರಿಗೆ ಉಳಿಯುವುದು ನಡುವಿನ ಜಾಗ, ಹುಡುಗ ತೆಗೆದುಹಾಕಿ ಬಂದದ್ದೂ ಅದನ್ನೇ. ಕೇಳುವುದಿಲ್ಲವೆಂದು ವಾಲ್ಯೂಮ್ ಏರಿಸುತ್ತಾನೆ, ಆಗ ಗದ್ದಲ ಮಾತ್ರ ಏರುತ್ತದೆ. ಆದ್ದರಿಂದ ಮೂರೂ ಗುಂಡಿ ನಟ್ಟನಡುವೆ ಇಟ್ಟು ಆರಂಭಿಸಲಿ. 'ಲೋ ಕಟ್' ಇದ್ದರೆ 100 ಹರ್ಟ್ಸ್ ಹತ್ತಿರ ಇಡಲಿ, ಗಿಟಾರಿನ ಅತಿ ದಪ್ಪ ತಂತಿಯೇ 82 ಹರ್ಟ್ಸ್, ಅದರ ಕೆಳಗೆ ಬರುವುದೆಲ್ಲ ಬರೀ ಗುಡುಗು. ಆದರೆ ನಡುವಿನ ಜಾಗದಲ್ಲಿ ಹಾಡುವವರ ಕೊರಳು ಮತ್ತು ಪೇಟಿಯೂ ಕುಳಿತಿವೆ ಎಂಬುದನ್ನು ಮರೆಯಬಾರದು. ಇದಕ್ಕೆ ಯಾವ ಗುಂಡಿಯೂ ಇಲ್ಲ. ಸಾಲು ಹಾಡುವಾಗ ಕೈ ಸಣ್ಣದು ಮಾಡಿ, ಸಾಲು ಮುಗಿದ ಸಂದಿಯಲ್ಲಿ ಎರಡು ಸ್ವರ ತುಂಬುವುದನ್ನು ಕಲಿಯಬೇಕು. ತಬಲೆಯವರು ಕಲಿಸುತ್ತಾರೆ, ಕೇಳಲು ನಾಚಬಾರದು.

'ರಿವರ್ಬ್' ಎಂಬುದು ದೊಡ್ಡ ಸಭಾಗೃಹದ ಮಾರ್ದನಿಯನ್ನು ಕೂಡಿಸುವ ಗುಂಡಿ. ಗಾದಿ ಪರದೆಗಳಿರುವ ಕೋಣೆಯಲ್ಲಿ ಅದು ಬೇಕೆನಿಸುತ್ತದೆ. ಕಲ್ಲಿನ ಬಸದಿಗೆ ಅದರದೇ ಮಾರ್ದನಿ ಇದೆ, ಮೇಲೆ ಇದೂ ಸೇರಿದರೆ ಅಕ್ಷರಗಳು ಒಂದರ ಮೇಲೊಂದು ಬಿದ್ದು ಣಮೋಕಾರ ಮಂತ್ರವೇ ತಿಳಿಯದಂತಾಗುತ್ತದೆ. ಬಸದಿಯಲ್ಲಿ ಅದನ್ನು ಪೂರ್ತಿ ಆರಿಸಲಿ. 'ಡಿಲೇ' ಎಂಬುದು ಮೀಟಿದ ಸ್ವರವನ್ನು ತುಸು ತಡೆದು ಮತ್ತೆ ನುಡಿಸುತ್ತದೆ. ಬೇಕೇ ಬೇಕೆಂದರೆ ಲಯಕ್ಕೆ ಕೂಡಿಸಿರಬೇಕು. ಲೆಕ್ಕ ಸುಲಭ: 60,000ವನ್ನು ಒಂದು ನಿಮಿಷದ ಮಾತ್ರೆಗಳಿಂದ ಭಾಗಿಸಿರಿ. ನಿಮಿಷಕ್ಕೆ 80 ಮಾತ್ರೆಯ ಭಜನಿಗೆ 750 ಮಿಲಿಸೆಕೆಂಡ್. ಹೀಗೆ ಇಡದಿದ್ದರೆ ತಬಲೆಯವರೊಂದು ಕಡೆ, ಪೆಟ್ಟಿಗೆಯೊಂದು ಕಡೆ ಎಳೆಯುತ್ತದೆ.

ಕರೆಂಟಿನ ವಿಷಯ ಹಿರಿಯರೇ ನೋಡಬೇಕು. ಇಂಥ ಬಹಳಷ್ಟು ಪೆಟ್ಟಿಗೆಗಳಿಗೆ 9 ವೋಲ್ಟಿನ, ನಡುವಿನ ಪಿನ್ನು ಋಣವಾಗಿರುವ ಅಡಾಪ್ಟರ್ ಬೇಕು. ಮನೆಯ ಬೇರೆ ಅಡಾಪ್ಟರುಗಳಲ್ಲಿ ಹೆಚ್ಚಿನವು ಇದಕ್ಕೆ ತಿರುವುಮುರುವು, ಹಾಕಿದರೆ ಸುಟ್ಟೀತು. ಅದಕ್ಕಿಂತ ದೊಡ್ಡದು ಅರ್ಥಿಂಗ್. ವೇಲ್ಸ್ ಪ್ರಾಂತದ ಸ್ವಾನ್ಸಿಯಲ್ಲಿ 1972ರ ಮೇ ತಿಂಗಳಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಲೆಸ್ಲಿ ಹಾರ್ವೆ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೆಯೇ ತೀರಿಕೊಂಡ. ಕೈಯಲ್ಲಿ ಗಿಟಾರ್ ಇದ್ದಾಗ ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿದ್ದೇ ಕಾರಣ. ಉತ್ಸವದ ಚಪ್ಪರದಲ್ಲಿ ಜನರೇಟರಿನಿಂದ ಕರೆಂಟ್ ತರುವಾಗ ವಾಯರ್‌ಮನ್‌ನಿಂದ ಅರ್ಥಿಂಗ್ ನೋಡಿಸದೆ ಹುಡುಗರನ್ನು ಕೂಡ್ರಿಸಬೇಡಿರಿ. ಮೈಕಿನ ಯಂತ್ರಕ್ಕೂ ಪೆಟ್ಟಿಗೆಗೂ ಒಂದೇ ಬೋರ್ಡಿನಿಂದ ಕರೆಂಟ್ ಇರಲಿ. ಸುಮ್ಮನಿದ್ದಾಗ ಗೊಂಯ್ ಎನ್ನುತ್ತಿದ್ದು ತಂತಿ ಮುಟ್ಟಿದೊಡನೆ ಕಡಿಮೆಯಾಗುವುದು ಈ ವಾದ್ಯದ ಗುಣ. ಮುಟ್ಟಿದಾಗ ಜುಮ್ಮೆಂದರೆ ಮಾತ್ರ ಕೂಡಲೇ ಬಂದ್ ಮಾಡಿಸಿರಿ.

ಬಸದಿಯಲ್ಲಿ ಪರದೇಶದ ವಾದ್ಯವೇಕೆ ಎಂದು ಹಿರಿಯರು ಕೇಳಿದರೆ ಸಿಟ್ಟಾಗುವುದು ಬೇಡ. ಪೇಟಿಯೂ 1840ರ ಆಸುಪಾಸಿನಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು. ಆಕಾಶವಾಣಿಯೇ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಇಂದು ಪೇಟಿ ಇಲ್ಲದೆ ನಮ್ಮ ಭಜನಿ ಏಳುವುದಿಲ್ಲ. ಗಿಟಾರಿನ ತಂತಿ ಉಕ್ಕಿನದು, ಮೈ ಕಟ್ಟಿಗೆಯದು, ಹಾಗೆ ನೋಡಿದರೆ ತಬಲೆಗಿಂತ ನಿರ್ದೋಷ. ಹೆಗಲಿನ ಪಟ್ಟಿ ಮಾತ್ರ ಚರ್ಮದ್ದು ಕೊಳ್ಳಬೇಡಿರಿ, ನೈಲಾನಿನದು, ನೂಲಿನದು ಧಾರಾಳ ಸಿಗುತ್ತದೆ.

ಜತ್ತದ ತಂಗಿಗೆ ನಮ್ಮ ಸೂಚನೆ ಇಷ್ಟು. ಬಸದಿಯ ಪಂಚರನ್ನು ಕೇಳಿ, ದರ್ಶನದ ಗದ್ದಲವಿಲ್ಲದ ಹೊತ್ತಿನಲ್ಲಿ ಅರ್ಧ ತಾಸು ಪಡೆಯಿರಿ. ಪೇಟಿಯವರು, ತಬಲೆಯವರು, ಹಾಡುವವರು ಇಬ್ಬರು ಸಾಕು. ಹುಡುಗ ಬಾರಿಸಲಿ, ತಂದೆ ಹೆಣ್ಣುಮಕ್ಕಳು ಕೂಡ್ರುವ ಹಿಂದಿನ ಸಾಲಿನಲ್ಲಿ ನಿಲ್ಲಲಿ. ಹಾಡಿನ ಅಕ್ಷರ ತಿಳಿಯದಿದ್ದರೆ ಕೈ ಕೆಳಗೆ ಮಾಡಲಿ, ಗಿಟಾರ್ ಕೇಳದಿದ್ದರೆ ಮೇಲೆ ಮಾಡಲಿ. ಹುಡುಗನಿಗೆ ಆ ಜಾಗದಿಂದ ತನ್ನ ದನಿ ಕೇಳಿಸುವುದಿಲ್ಲ, ಮನೆಯವರ ಕಿವಿಯೇ ಬೇಕು. ಸರಿಹೋದ ಮೇಲೆ ಆ ದನಿಯನ್ನು ಬೇರೆ ನಂಬರಿನಲ್ಲಿ ಸೇವ್ ಮಾಡಲಿ, ಕೋಣೆಯ ದನಿಯ ಮೇಲೆ ಬರೆಯಬಾರದು. ಯಾವ ಗುಂಡಿ ಎಷ್ಟಕ್ಕಿತ್ತು ಎಂಬುದನ್ನು ವಹಿಯಲ್ಲಿ ಊರಿನ ಹೆಸರು ಹಾಕಿ ಬರೆದಿಡಲಿ, ಮಂಗಲ ಕಾರ್ಯಾಲಯಕ್ಕೆ ಬೇರೆ ಪುಟ.

ಇಷ್ಟು ಮಾಡಿದ ಮೇಲೂ ಮಾರುವುದೇ ಎಂದಾದರೆ ಡಬ್ಬಿ, ಬಿಲ್ಲು, ಮೂಲ ಅಡಾಪ್ಟರ್ ಮೂರನ್ನೂ ಕೂಡಿಸಿ ಇಡಿರಿ. ಅಡಾಪ್ಟರ್ ಕಳೆದ ಪೆಟ್ಟಿಗೆಗೆ ಕೊಳ್ಳುವವರು ಬೆಲೆ ಮುರಿದೇ ಕೇಳುತ್ತಾರೆ.