ಚಿನ್ನದ ಕಣವೂ ಸಂಜೆಯ ತಪಾಸಣೆಯೂ
ಬೆಂಗಳೂರಿನ ನಾಗಸಂದ್ರದಲ್ಲಿ ಮೆಟ್ರೊ ಹತ್ತಿ ಯಶವಂತಪುರದಲ್ಲಿ ಇಳಿದರೆ ಭಾರತೀಯ ವಿಜ್ಞಾನ ಸಂಸ್ಥೆ ದೂರವೇನಲ್ಲ. ಅಲ್ಲಿನ ಜಯಪ್ರಕಾಶ್, ಅಶೋಕ್ ರಾಯಚೂರ್ ಅವರ ತಂಡ ಚಿನ್ನ ಮತ್ತು ತಾಮ್ರದ ಸಲ್ಫೈಡ್ ಕೂಡಿಸಿ 8 ನ್ಯಾನೊಮೀಟರ್‌ಗಿಂತ ಚಿಕ್ಕ ಕಣಗಳನ್ನು ತಯಾರಿಸಿದೆ. ಬೆಳಕು ಬಿದ್ದರೆ ಕಣ ಕಾದು ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ. ಆಗ ಹುಟ್ಟುವ ಶ್ರವಣಾತೀತ ತರಂಗ ಗಡ್ಡೆಯ ಜಾಡನ್ನೂ ತೋರಿಸಬಲ್ಲದು. ಪತ್ತೆಗೂ ಚಿಕಿತ್ಸೆಗೂ ಒಂದೇ ಕಣ! ಮೆಚ್ಚಲೇಬೇಕು.

ಆದರೆ 2023ರಲ್ಲಿ ವರದಿಯಾದ ಈ ಕಣಗಳ ಪರೀಕ್ಷೆ ನಡೆದದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಶ್ವಾಸಕೋಶ, ಗರ್ಭಕಂಠದ ಕ್ಯಾನ್ಸರ್ ಕೋಶಗಳ ಮೇಲೆ, ರೋಗಿಗಳ ಮೇಲಲ್ಲ. ಬೆಳಕು ಮೈಯೊಳಗೆ ಹೆಚ್ಚು ಆಳಕ್ಕೆ ಇಳಿಯುವುದೂ ಇಲ್ಲ. ಹಾಗಾಗಿ ಇಂಥ ಚಿಕಿತ್ಸೆ ಫಲಿಸಬೇಕಾದರೂ ಗಡ್ಡೆ ಚಿಕ್ಕದಿರುವಾಗಲೇ ಸಿಗಬೇಕು.

ಗರ್ಭಕಂಠದ ಕ್ಯಾನ್ಸರ್ ಮಟ್ಟಿಗೆ ಪತ್ತೆಯ ಉಪಾಯ ಈಗಲೇ ಇದೆ, ಬಲು ಅಗ್ಗವೂ ಹೌದು. ತೆಳುವಾಗಿಸಿದ ಅಸಿಟಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯಿಂದ ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾಯುವುದು. ಬಿಳಿ ಕಲೆ ಮೂಡಿದರೆ ಮುಂದಿನ ತಪಾಸಣೆ. 30 ದಾಟಿದ ಮಹಿಳೆಯರಿಗಾಗಿ ಸರ್ಕಾರಿ ಕಾರ್ಯಕ್ರಮದಲ್ಲೇ ಇದು ಸೇರಿದೆ. ಆದರೆ ತಪಾಸಣೆ ಕೆಲಸದ ವೇಳೆಯಲ್ಲೇ ನಡೆದರೆ, ಪೀಣ್ಯದ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು ಇದಕ್ಕೆಂದು ರಜೆ ಹಾಕಿ ಸಂಬಳ ಕಳೆದುಕೊಳ್ಳಬೇಕೆ? ಆರೋಗ್ಯ ಇಲಾಖೆ ನಾಗಸಂದ್ರ, ಪೀಣ್ಯದ ಸುತ್ತ ಸಂಜೆ ಮತ್ತು ಭಾನುವಾರ ತಪಾಸಣೆ ಇಡಲಿ.