ತವರಿಗೆ ಅಟ್ಟುವ ರೋಗವಲ್ಲ ಇದು



ನಮ್ಮ ವಾರದ ಸಭೆಗಳಲ್ಲಿ ಸಾಲದ ಕಂತು, ಕುಡುಕ ಗಂಡ, ರೇಷನ್ ಅಂಗಡಿಯ ಮೋಸ ಎಲ್ಲವೂ ಮಾತಿಗೆ ಬರುತ್ತದೆ. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಸೀರೆ ಒದ್ದೆಯಾಗುತ್ತದೆ ಎಂಬ ಮಾತು ಮಾತ್ರ ಬರುವುದಿಲ್ಲ. ಹೆತ್ತವರು ನಾಲ್ಕಾರು ಜನ ಕೂತಲ್ಲಿ ಒಬ್ಬರಿಗಾದರೂ ಇದು ಇರುತ್ತದೆ. ಆದರೂ ಎಲ್ಲರೂ ತನಗೊಬ್ಬಳಿಗೇ ಬಂದ ಶಾಪವೆಂದು ಬಾಯಿ ಮುಚ್ಚಿಕೊಂಡಿದ್ದೇವೆ.

ನಾವು ಬಾಯಿ ಬಿಡದಿದ್ದರೂ ಗಂಡನ ಮನೆಯವರು ಬಿಡುತ್ತಾರೆ. ಪಂಚಾಯಿತಿಗೆ ಕೂತಾಗ ಬರುವ ಮಾತು ಕೇಳಿ: "ಇವಳ ಮೈಯೆಲ್ಲ ಉಚ್ಚೆ ವಾಸನೆ, ನಿಮ್ಮ ಮಗಳನ್ನ ನೀವೇ ಇಟ್ಕೊಳ್ಳಿ." ಇಲ್ಲವೇ, "ಆಪರೇಷನ್ ಮಾಡಿಸಬೇಕಂತೆ, ದುಡ್ಡು ತವರಿಂದ ತರಲಿ." ಮದುವೆಯಲ್ಲಿ ಬಾಕಿ ಉಳಿದ ಬೈಕು ಕೇಳಿದರೆ ಹತ್ತು ಜನ ಉಗಿಯುತ್ತಾರೆಂದು ಅವರಿಗೆ ಗೊತ್ತು. ಅದಕ್ಕೇ ರೋಗದ ಹೆಸರಿನಲ್ಲಿ ಅದೇ ಕೈ ಚಾಚುತ್ತಾರೆ. ಅವರ ವಂಶಕ್ಕೆ ಮಕ್ಕಳನ್ನು ಹೆತ್ತುಕೊಟ್ಟು ಬಂದ ತೊಂದರೆಗೆ ಇವಳ ಅಪ್ಪ ದಂಡ ಕಟ್ಟಬೇಕಂತೆ!

ಅದೇ ಮನೆಯಲ್ಲಿ ಮಾವನಿಗೆ ಪ್ರಾಸ್ಟೇಟ್ ಗ್ರಂಥಿ ಊದಿ ಪಂಚೆ ಒದ್ದೆಯಾದರೆ ಏನಾಗುತ್ತದೆ? ಮಗ ರಜೆ ಹಾಕಿ ದೊಡ್ಡಾಸ್ಪತ್ರೆಗೆ ಕರೆದೊಯ್ಯುತ್ತಾನೆ, ಸೊಸೆ ಪಂಚೆ ಒಗೆಯುತ್ತಾಳೆ. ಮುದುಕನನ್ನು ಅವನ ತವರಿಗೆ ಕಳಿಸಿ ಎಂದವರನ್ನು ನಾನಂತೂ ಕಂಡಿಲ್ಲ.

ಮೊದಲು ಇದೇನೆಂದು ತಿಳಿಯೋಣ. ಮೂತ್ರಕೋಶ, ಗರ್ಭಕೋಶ, ಮಲದ್ವಾರದ ಭಾಗ ಇವನ್ನೆಲ್ಲ ಕೆಳಗಿನಿಂದ ಹೊತ್ತು ನಿಂತಿರುವುದು ಸ್ನಾಯುಗಳ ಒಂದು ಜೋಲಿ. ಮುಂದಿನ ಮೂಳೆಯಿಂದ ಬೆನ್ನಿನ ತುದಿಯ ಬಾಲದ ಮೂಳೆಯವರೆಗೆ ಕಟ್ಟಿದೆ. ಹೆರಿಗೆಯಲ್ಲಿ ಅದು ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಮುಟ್ಟು ನಿಂತ ಮೇಲೆ ಇನ್ನೂ ಸಡಿಲವಾಗುತ್ತದೆ. ಒಲೆಯ ಹೊಗೆಯಿಂದ ಹತ್ತಿದ ಕೆಮ್ಮು, ಮಲಬದ್ಧತೆ, ಬಾಣಂತನ ಮುಗಿಯುವ ಮೊದಲೇ ಹೊತ್ತ ಸೌದೆ ಹೊರೆ, ಎಲ್ಲವೂ ಆ ಜೋಲಿಯ ಮೇಲೇ ಬೀಳುತ್ತದೆ. ನಡತೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ದುಡಿದು ಸೋತ ತೋಳಿನಂತೆ ಇದೂ ಸೋತ ಸ್ನಾಯು, ಅಷ್ಟೇ.

ಸೋತ ಸ್ನಾಯುವನ್ನು ಪಳಗಿಸಬಹುದು. 1948ರಲ್ಲೇ ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೆಗೆಲ್ ಇದನ್ನು ಬರೆದು ತೋರಿಸಿದರು. 2018ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ 14 ದೇಶಗಳ 1,817 ಹೆಂಗಸರ ಮೇಲೆ ನಡೆದ 31 ಪರೀಕ್ಷೆಗಳನ್ನು ಒಟ್ಟುಮಾಡಿ ನೋಡಿತು. ಕೆಮ್ಮಿದಾಗ ಸೋರುವವರ ಪೈಕಿ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 56 ಮಂದಿ ವಾಸಿಯಾಯಿತು ಎಂದರು. ಮಾಡದವರಲ್ಲಿ ನೂರಕ್ಕೆ 6 ಮಂದಿ. ಪೈಸೆ ಖರ್ಚಿಲ್ಲದ ಈ ಮದ್ದು 75 ವರ್ಷ ಕಳೆದರೂ ನಮ್ಮ ಹಟ್ಟಿ, ತಾಂಡಾಗಳಿಗೆ ಏಕೆ ತಲುಪಲಿಲ್ಲ? ಖರ್ಚಿಲ್ಲದ್ದರಲ್ಲಿ ಲಾಭವೂ ಇಲ್ಲ, ಅದಕ್ಕೆ!

ಮಾಡುವ ಬಗೆ ಹೀಗೆ. ನಾಲ್ಕು ಜನರ ನಡುವೆ ಕೂತಾಗ ಹೂಸು ಬಂದರೆ ಹೇಗೆ ಬಿಗಿಹಿಡಿಯುತ್ತೀರಿ? (ನಗಬೇಡಿ, ಎಲ್ಲರೂ ಮಾಡುತ್ತೇವೆ.) ಜೊತೆಗೇ ಉಚ್ಚೆಯನ್ನೂ ತಡೆದಂತೆ ಒಳಕ್ಕೆ, ಮೇಲಕ್ಕೆ ಸೆಳೆಯಿರಿ. ಉಸಿರು ಕಟ್ಟಬಾರದು, ಹೊಟ್ಟೆ, ಕುಂಡೆ, ತೊಡೆ ಬಿಗಿಯಬಾರದು. ಮೊದಮೊದಲು ಎರಡು ಮೂರು ಎಣಿಸುವಷ್ಟು ಹಿಡಿಯಲಾದರೂ ಸಾಕು, ಬರಬರುತ್ತ ಹತ್ತಕ್ಕೆ ಏರಿಸಿ. ಹಿಡಿದಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಒಂದು ಸಲಕ್ಕೆ ಎಂಟು ಹತ್ತು ಬಾರಿ, ದಿನಕ್ಕೆ ಮೂರು ಸಲ, ಕಡಿಮೆಯೆಂದರೆ ಮೂರು ತಿಂಗಳು. ಕೆಮ್ಮು ಬರುವ ಮೊದಲು, ಕೊಡ ಎತ್ತುವ ಮೊದಲು ಒಮ್ಮೆ ಬಿಗಿಹಿಡಿಯುವುದನ್ನು ರೂಢಿ ಮಾಡಿಕೊಳ್ಳಿ. ಒಂದಕ್ಕೆ ಕೂತಾಗ ನಡುವೆ ತಡೆದು ವ್ಯಾಯಾಮ ಮಾಡಬೇಡಿ, ಅದು ಒಳ್ಳೆಯದಲ್ಲ. ಸೋರುತ್ತದೆಂದು ನೀರು ಕುಡಿಯುವುದನ್ನೂ ಬಿಡಬೇಡಿ. ಉರಿಮೂತ್ರ ಹತ್ತಿಕೊಂಡು ಕಷ್ಟ ಹೆಚ್ಚುತ್ತದೆ. ಸರಿಯಾದ ಸ್ನಾಯುವನ್ನೇ ಬಿಗಿಯುತ್ತಿದ್ದೇವೋ ಇಲ್ಲವೋ ಎಂಬುದನ್ನು ತಿಳಿದವರು ಒಮ್ಮೆ ನೋಡಿ ಹೇಳಬೇಕು. ಬಹಳ ಜನ ಮೊದಲಿಗೆ ತಪ್ಪಾಗಿ ಕೆಳಕ್ಕೆ ಮುಕ್ಕುತ್ತಾರೆ.

ಎಲ್ಲದಕ್ಕೂ ಇದೇ ಮದ್ದಲ್ಲ. ಕಷ್ಟದ ಹೆರಿಗೆಯ ನಂತರ ಹಗಲೂ ರಾತ್ರಿ ತೊಟ್ಟಿಕ್ಕುತ್ತಲೇ ಇದ್ದರೆ ಒಳಗೆ ತೂತು ಬಿದ್ದಿರಬಹುದು, ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ರಕ್ತ ಕಂಡರೆ, ಉರಿಯಿದ್ದರೆ, ಉಚ್ಚೆ ಕಟ್ಟಿದರೆ, ಹೊಟ್ಟೆಗೆ ಒದೆ ಬಿದ್ದ ಮೇಲೆ ಶುರುವಾಗಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಆದರೆ "ಗರ್ಭಕೋಶ ತೆಗೆಸಿಬಿಡಮ್ಮ, ಎಲ್ಲ ಸರಿಹೋಗುತ್ತೆ" ಎಂಬ ನರ್ಸಿಂಗ್ ಹೋಮ್ ಮಾತಿಗೆ ಕೊರಳೊಡ್ಡಬೇಡಿ. ಕೆಮ್ಮಿದಾಗ ಸೋರುವುದಕ್ಕೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ. ತೆಗೆದ ಮೇಲೆ ಸೋರಿಕೆ ಹೆಚ್ಚುವ ಅಪಾಯವೂ ಇದೆ. ಕಲಬುರಗಿ ಜಿಲ್ಲೆಯ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಬೇಕಿಲ್ಲದೆ ಕಿತ್ತ ಸಂಗತಿ 2015ರಲ್ಲಿ ನಾಡಿಗೆಲ್ಲ ತಿಳಿಯಿತು. 2023ರಲ್ಲಿ ಸುಪ್ರೀಂ ಕೋರ್ಟು ಇಂಥ ಶಸ್ತ್ರಚಿಕಿತ್ಸೆಗಳ ಮೇಲೆ ನಿಗಾ ಇಡಲು ರಾಜ್ಯಗಳಿಗೆ ಹೇಳಬೇಕಾಗಿ ಬಂತು. ಆ ಶಸ್ತ್ರಚಿಕಿತ್ಸೆಯ ಸಾಲ ತೀರಿಸಲು ಮಾರುವುದು ಯಾರ ತಾಳಿ, ಯಾರ ಓಲೆ?

ಇನ್ನೊಂದು ಎಚ್ಚರ. ನಾಳೆ ಇದೇ ಜನ "ವ್ಯಾಯಾಮ ಮಾಡು ಅಂದರೆ ಮಾಡಲಿಲ್ಲ, ಅನುಭವಿಸಲಿ" ಎಂದು ಹೊಸ ರಾಗ ತೆಗೆದಾರು. ಹೆತ್ತ ಹದಿನೈದೇ ದಿನಕ್ಕೆ ಬಿಂದಿಗೆ ಹೊರಿಸಿದವರು, ಹಸಿ ಬಾಣಂತಿಯನ್ನು ಹಾಸಿಗೆಗೆ ಎಳೆದವರು ಲೆಕ್ಕ ಕೊಡುವುದು ಬೇಡವೇ? ವ್ಯಾಯಾಮ ನಮ್ಮ ದೇಹಕ್ಕಾಗಿ ನಾವು ಮಾಡಿಕೊಳ್ಳುವುದು. ಗಂಡನ ಮನೆಯಲ್ಲಿ ಉಳಿಯಲು ಪಾಸಾಗಬೇಕಾದ ಪರೀಕ್ಷೆ ಅಲ್ಲ.

ಹೀಯಾಳಿಸುವುದು, ಅವಮಾನಿಸುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 3ನೇ ಕಲಮಿನಲ್ಲಿ ದೌರ್ಜನ್ಯವೇ. ದೌರ್ಜನ್ಯದಿಂದಾದ ಆಸ್ಪತ್ರೆ ಖರ್ಚನ್ನು ಗಂಡನಿಂದಲೇ ಕೊಡಿಸಲು 20ನೇ ಕಲಮು ಇದೆ. ತವರಿನಿಂದ ಹಣ ತಾ ಎಂದು ಹಿಂಸಿಸುವುದಕ್ಕೆ 1983ರಿಂದ 498ಎ ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ಅರ್ಜಿಯಲ್ಲಿ ನಾಚಿಕೆಪಟ್ಟು "ಅನಾರೋಗ್ಯದ ಕಾರಣ" ಎಂದು ಬರೆಸಬೇಡಿ. ಆಡಿದ ಮಾತು, ಕೇಳಿದ ಮೊತ್ತ, ತಾರೀಖು ಹಾಗೇ ಬರೆಸಿ. ಮಹಿಳಾ ಸಹಾಯವಾಣಿ 181.

ತಾಲ್ಲೂಕು ಆಸ್ಪತ್ರೆಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಮನವಿ ಹೋಗಲಿ: ವಾರಕ್ಕೊಂದು ದಿನ, ಪರದೆ ಇರುವ ಕೋಣೆಯಲ್ಲಿ, ಮಹಿಳಾ ಫಿಸಿಯೋಥೆರಪಿಸ್ಟರಿಂದ ಈ ವ್ಯಾಯಾಮದ ತರಬೇತಿ, ಬಾಣಂತಿಯರ ವಾರ್ಡಿನಲ್ಲಿ ಬಿಡುಗಡೆಗೆ ಮೊದಲೇ ಅದನ್ನು ಹೇಳಿಕೊಡುವ ಏರ್ಪಾಡು. ಹುದ್ದೆ ಖಾಲಿ ಇದೆ ಎಂದರೆ, ಎಷ್ಟು ವರ್ಷದಿಂದ ಖಾಲಿ ಎಂದು ಬರೆದು ಕೊಡಲು ಕೇಳಿ.